ಪೆಟ್ಟು ತಲೆಗೆ, ಕೈ ಕುತ್ತಿಗೆಗೆ: ಆಟಗಾರರ ಕನ್‌ಕಷನ್ ಮತ್ತು ಕೈರೋಪ್ರಾಕ್ಟಿಕ್ ಆರೈಕೆ

ನನ್ನ ದನಿ ಕೇಳಿಸ್ತಿದೆ ಅಂತ ತಿಳ್ಕೊಂಡು ಶುರು ಮಾಡ್ತೇನೆ. ಇವತ್ತು ಊರಿಂದಲೇ, ಅಂದ್ರೆ ಸಾಂಗ್ಲಿ ಜಿಲ್ಲೆ ಜತ್ತ ತಾಲ್ಲೂಕಿನ ಬಿಳೂರದಿಂದ ಮಾತಾಡ್ತಿದ್ದೇನೆ. ನಡುವೆ ನೆಟ್‌ವರ್ಕ್ ಕೈಕೊಟ್ಟರೆ ಒಂದು ನಿಮಿಷ ಕಾಯಿರಿ. ಆಟದಲ್ಲಿ ತಲೆಗೆ ಪೆಟ್ಟು ಬಿದ್ದು ಕನ್‌ಕಷನ್ ಆದ ಆಟಗಾರ ಚೇತರಿಸಿಕೊಳ್ಳುವಾಗ ಕೈರೋಪ್ರಾಕ್ಟಿಕ್ ಆರೈಕೆಗೆ ಎಷ್ಟು ಜಾಗ ಇದೆ, ಎಲ್ಲಿ ಜಾಗ ಇಲ್ಲ ಎನ್ನುವುದು ಇವತ್ತಿನ ವಿಷಯ.

ಈ ವಿಷಯ ತಗೊಂಡಾಗ ಮನೆಯವರೇ ನಕ್ಕರು. "ಬಿಳೂರದಾಗ ಅಂಥಾ ಡಾಕ್ಟರ್ ಎಲ್ಲಿದ್ದಾರ?" ಅಂದ್ರು. ಇಲ್ಲ, ಖರೆ. ಆದರೆ ಕೈರೋಪ್ರಾಕ್ಟರ್ ಮಾಡುವ ಒಂದು ಕೆಲಸ, ಅಂದ್ರೆ ಕುತ್ತಿಗೆಯನ್ನು ಹಿಡಿದು ಫಟ್ಟನೆ ತಿರುಗಿಸಿ ಸದ್ದು ಬರಿಸುವುದು, ನಮ್ಮ ಕಡೆ ಹೊಸದಲ್ಲ. ಕಟಿಂಗ್ ಅಂಗಡಿಯಲ್ಲಿ ಮಾಡ್ತಾರೆ, ತಾಲೀಮಿನಲ್ಲಿ ಉಸ್ತಾದರು ಮಾಡ್ತಾರೆ, ಕಬಡ್ಡಿ ಅಂಗಳದ ಅಂಚಿನಲ್ಲಿ ನಿಂತ ಯಾರೋ ಹಿರಿಯರು ಮಾಡ್ತಾರೆ. ಹೆಸರು ಇಂಗ್ಲಿಷಿನದು, ಕೈ ನಮ್ಮದೇ.

ಸ್ವಂತದ್ದೊಂದು ಹೇಳಿ ಮುಂದೆ ಹೋಗ್ತೇನೆ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಕಬಡ್ಡಿ ಆಡುವಾಗ ಎದುರಿನವನ ಮೊಣಕಾಲು ನನ್ನ ಕಿವಿಯ ಹಿಂದೆ ಬಡಿಯಿತು. ಎಚ್ಚರ ತಪ್ಪಲಿಲ್ಲ. ಆದರೆ ಸ್ಕೋರ್ ಎಷ್ಟು ಅಂತ ಮೂರು ಸಲ ಕೇಳಿದೆನಂತೆ. ಮುಖಕ್ಕೆ ನೀರು ಹೊಡೆದರು. ಒಬ್ಬರು ಹಿರಿಯರು ಬಂದು "ಏ ತಮ್ಮಾ, ಕುತ್ತಿಗಿ ಸಡ್ಲ ಬಿಡು" ಅಂದ್ರು, ಗದ್ದ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿದರು. ಕಟಕ್ ಅಂತು. ಸುತ್ತ ನಿಂತವರು "ಆತು, ಬಿಡ್ತು" ಅಂದ್ರು. ನಾನು ಮತ್ತೆ ಅಂಗಳಕ್ಕಿಳಿದೆ. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನುವುದೇ ಈ ಪದ್ಧತಿ ಉಳಿದಿರುವುದಕ್ಕೆ ದೊಡ್ಡ ಕಾರಣ ಅಂತ ಈಗ ಅನಿಸ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಪ್ರೀತಿಯಿಂದಲೇ ಮಾಡಿದ್ದು. ಆದರೆ ಆ ಐದು ನಿಮಿಷದಲ್ಲಿ ಎರಡು ತಪ್ಪಾದವು. ಕನ್‌ಕಷನ್ ಆದ ಹುಡುಗನನ್ನು ಮತ್ತೆ ಆಟಕ್ಕೆ ಬಿಟ್ಟದ್ದು ಒಂದು. ಪೆಟ್ಟು ಬಿದ್ದ ಕುತ್ತಿಗೆಯನ್ನು ಪರೀಕ್ಷಿಸದೆ ತಿರುವಿದ್ದು ಇನ್ನೊಂದು.

ಮೊದಲನೆಯದರಿಂದ ಹೊರಡೋಣ. ಕನ್‌ಕಷನ್ ಅಂದ್ರೆ ತಲೆ ಒಡೆಯುವುದಲ್ಲ. ತಲೆಬುರುಡೆಯೊಳಗೆ ಮೆದುಳು ಜೋರಾಗಿ ಅಲುಗಿ, ನರಕೋಶಗಳ ಪೊರೆಯ ಮೂಲಕ ಪೊಟ್ಯಾಸಿಯಂ ಹೊರಗೆ, ಕ್ಯಾಲ್ಸಿಯಂ ಒಳಗೆ ಹರಿದು ಸಮತೋಲ ತಪ್ಪುತ್ತದೆ. ಅದನ್ನು ಸರಿಪಡಿಸಲು ಕೋಶಗಳಿಗೆ ವಿಪರೀತ ಗ್ಲೂಕೋಸ್ ಬೇಕು, ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆ ಇರುತ್ತದೆ. ಇದು ಶಕ್ತಿಯ ಬಿಕ್ಕಟ್ಟು, ಅದಕ್ಕೇ ಸಾಮಾನ್ಯ ಸಿಟಿ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ನಮ್ಮೂರವರು ಖರ್ಚು ಮಾಡಿ ಮಿರಜಕ್ಕೋ ವಿಜಯಪುರಕ್ಕೋ ಹೋಗಿ ಸ್ಕ್ಯಾನ್ ಮಾಡಿಸ್ತಾರೆ, "ನಾರ್ಮಲ್" ಅಂತ ಬರ್ತದೆ, ಹುಡುಗ ಮರುದಿನ ತಾಲೀಮಿಗೆ ಹೋಗ್ತಾನೆ. ಸ್ಕ್ಯಾನ್ ನಾರ್ಮಲ್ ಅಂದ್ರೆ ರಕ್ತಸ್ರಾವ ಇಲ್ಲ, ಮೂಳೆ ಮುರಿದಿಲ್ಲ ಅಂತ ಅರ್ಥ. ಕನ್‌ಕಷನ್ ಇಲ್ಲ ಅಂತ ಅರ್ಥ ಅಲ್ಲ.

ಲಕ್ಷಣ ತಡವಾಗಿಯೂ ಬರಬಹುದು. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟಿನಲ್ಲಿ ಜೋಫ್ರಾ ಆರ್ಚರ್ ಎಸೆದ ಬೌನ್ಸರ್ ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಬಡಿದದ್ದು ನೆನಪಿರಬಹುದು. ಪರೀಕ್ಷೆ ಮಾಡಿದರು, ಪಾಸಾದರು, ಮತ್ತೆ ಬಂದು ಬ್ಯಾಟ್ ಮಾಡಿ 92ಕ್ಕೆ ಔಟಾದರು. ಮರುದಿನ ಲಕ್ಷಣಗಳು ಕಂಡವು, ಅವರ ಬದಲು ಮಾರ್ನಸ್ ಲಬುಶೇನ್ ಆಡಿದರು. ಪೆಟ್ಟು ಬಿದ್ದದ್ದು ಕುತ್ತಿಗೆಗೆ, ಕನ್‌ಕಷನ್ ಆದದ್ದು ಮೆದುಳಿಗೆ. ನಮ್ಮ ಕರ್ನಾಟಕದ ಮಯಾಂಕ್ ಅಗರ್ವಾಲ್ 2021ರ ಆಗಸ್ಟ್‌ನಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ನೆಟ್ ಅಭ್ಯಾಸದಲ್ಲಿ ಸಿರಾಜ್ ಅವರ ಚೆಂಡು ಹೆಲ್ಮೆಟ್ಟಿಗೆ ಬಡಿದು ಮೊದಲ ಟೆಸ್ಟಿನಿಂದ ಹೊರಗುಳಿದರು. ಅವರ ಜಾಗದಲ್ಲಿ ಆರಂಭಿಕನಾಗಿ ಬಂದ ಕೆ.ಎಲ್. ರಾಹುಲ್ 84 ಹೊಡೆದರು. ಅಂದ್ರೆ ಒಬ್ಬ ಆಟಗಾರ ಹೊರಗೆ ಕೂತರೆ ಅವನ ಜಾಗ ಹೋಗುವ ಭಯ ನಿಜವಾದದ್ದು, ಅದು ಟೆಸ್ಟ್ ಆಟಗಾರನಿಗೂ ಇದೆ, ಜಾತ್ರೆಯ ಕುಸ್ತಿಗೆ ಹೆಸರು ಕೊಟ್ಟ ಹುಡುಗನಿಗೂ ಇದೆ. ವ್ಯತ್ಯಾಸ ಏನು ಅಂದ್ರೆ ಅಲ್ಲಿ ಹೊರಗೆ ಕೂಡಿಸಲು ವೈದ್ಯರ ತಂಡ ಇದೆ. ಇಲ್ಲಿ ಇಲ್ಲ.

ಈಗ ಕುತ್ತಿಗೆಗೆ ಬರ್ತೇನೆ. ನನ್ನ ಮಾತಿನ ತಿರುಳು ಇಲ್ಲೇ ಇದೆ.

ಕನ್‌ಕಷನ್ ಆಗಲು ತಲೆಯ ವೇಗದಲ್ಲಿ ಗುರುತ್ವದ ಸುಮಾರು 60ರಿಂದ 160 ಪಟ್ಟಿನಷ್ಟು ಬದಲಾವಣೆ ಆಗಬೇಕು ಅಂತ ಸಂಶೋಧನೆಗಳಲ್ಲಿ ಬರೆಯುತ್ತಾರೆ. ಕುತ್ತಿಗೆಯ ಮೃದು ಭಾಗಗಳು ಉಳುಕಲು ಸುಮಾರು 4.5 ಪಟ್ಟು ಸಾಕು. ಲೆಕ್ಕ ಬಹಳ ಸರಳ: ಮೆದುಳಿಗೆ ಅಷ್ಟು ಪೆಟ್ಟು ತಟ್ಟಿದ್ದರೆ ಅದನ್ನು ಹೊತ್ತ ಕುತ್ತಿಗೆ ಪೂರಾ ಪಾರಾಗಿರುವುದು ಕಷ್ಟ. ಇದರ ಪರಿಣಾಮ ಕೇಳಿ: ತಲೆನೋವು, ತಲೆ ತಿರುಗುವುದು, ಕಣ್ಣು ನಿಲ್ಲದಿರುವುದು, ಗಮನ ಕೂಡದಿರುವುದು, ಇವೆಲ್ಲ ಮೆದುಳಿನಿಂದ ಬರಬಹುದು, ಒಳಗಿವಿಯಿಂದ ಬರಬಹುದು, ಕುತ್ತಿಗೆಯ ಮೇಲಿನ ಮೂರು ಕೀಲುಗಳಿಂದಲೂ ಬರಬಹುದು. ಹೊರಗಿನಿಂದ ನೋಡಿದರೆ ಮೂರೂ ಒಂದೇ ತರಹ. 2015ರಲ್ಲಿ ಕ್ಯಾಮೆರಾನ್ ಮಾರ್ಷಲ್, ಹೋವರ್ಡ್ ವರ್ನನ್, ಜಾನ್ ಲೆಡ್ಡಿ ಮತ್ತಿತರರು ಬರೆದ ಪ್ರಬಂಧ ಇದೇ ಮಾತನ್ನು ಮುಂದಿಟ್ಟಿತು: ತಿಂಗಳು ಕಳೆದರೂ ಹೋಗದ ಎಷ್ಟೋ ತೊಂದರೆಗಳ ಬೇರು ಮೆದುಳಿನಲ್ಲಿ ಅಲ್ಲ, ಕುತ್ತಿಗೆಯಲ್ಲಿ ಇರಬಹುದು. ಈ ಲೇಖಕರಲ್ಲಿ ಕೈರೋಪ್ರಾಕ್ಟರುಗಳೂ ಇದ್ದಾರೆ. ಅವರ ವೃತ್ತಿಗೆ ಸಲ್ಲಬೇಕಾದ ಮರ್ಯಾದೆಯನ್ನು ಮೊದಲೇ ಹೇಳಿಬಿಡ್ತೇನೆ, ಯಾಕಂದ್ರೆ ಮುಂದೆ ಸ್ವಲ್ಪ ಕಟುವಾಗಿ ಮಾತಾಡೋದಿದೆ.

ಸಮಸ್ಯೆ ಏನು ಅಂದ್ರೆ ಕುತ್ತಿಗೆ ನೋವಿಗೆ ದಿನದಿಂದ ದಿನಕ್ಕೆ ಅರ್ಥ ಬದಲಾಗುತ್ತದೆ. ಅಂಗಳದಲ್ಲಿ, ಪೆಟ್ಟು ಬಿದ್ದ ಹೊತ್ತಿನಲ್ಲಿ, ಕುತ್ತಿಗೆ ನೋವು ಅಪಾಯದ ಸೂಚನೆ. ವೈದ್ಯರಲ್ಲದವರಿಗಾಗಿ ಮಾಡಿದ ಸಿಆರ್‌ಟಿ 6 ಎಂಬ ಪುಟ್ಟ ಗುರುತಿನ ಹಾಳೆಯಲ್ಲಿ ಕೆಂಪು ಸೂಚನೆಗಳ ಪಟ್ಟಿ ಇದೆ. ಫಿಟ್ಸ್, ವಾಂತಿ, ಎರಡೆರಡು ಕಾಣುವುದು, ಕೈಕಾಲು ಜೋಮು ಅಥವಾ ಬಲ ಇಲ್ಲದಿರುವುದು, ಎಚ್ಚರ ತಪ್ಪುವುದು, ಹೆಚ್ಚುತ್ತಾ ಹೋಗುವ ತಲೆನೋವು ಇವುಗಳ ಜೊತೆಗೆ ಕುತ್ತಿಗೆ ನೋವೂ ಇದೆ. ಅಂದ್ರೆ ಆ ಹೊತ್ತಿನಲ್ಲಿ ಆ ನೋವು "ಮುಟ್ಟಬೇಡ, ಅಲುಗಿಸಬೇಡ, ಆಸ್ಪತ್ರೆ" ಅಂತ ಹೇಳ್ತಿದೆ. ಅದೇ ನೋವು ಮೂಳೆ, ರಕ್ತನಾಳ ಎಲ್ಲ ಸರಿ ಇದೆ ಅಂತಾದ ಮೇಲೆ, ಎರಡನೆಯ ವಾರವೂ ಉಳಿದಿದ್ದರೆ "ಈಗ ಪರೀಕ್ಷಿಸು, ಚಿಕಿತ್ಸೆ ಕೊಡು" ಅಂತ ಹೇಳ್ತದೆ. ನಮ್ಮೂರಿನಲ್ಲಿ ಆಗ್ತಿರುವುದು ಇದರ ತಿರುವುಮುರುವು. ಮುಟ್ಟಬಾರದ ಹೊತ್ತಿನಲ್ಲಿ ತಿರುವ್ತಾರೆ, ಮುಟ್ಟಬೇಕಾದ ಹೊತ್ತಿನಲ್ಲಿ "ವಿಶ್ರಾಂತಿ ತಗೋ, ಹೋಗ್ತದ" ಅಂತ ಕತ್ತಲೆ ಕೋಣೆಯಲ್ಲಿ ಮಲಗಿಸ್ತಾರೆ.

ಆ ಕತ್ತಲೆ ಕೋಣೆಯ ಸಲಹೆಯೂ ಹಳೆಯದಾಯಿತು. 2022ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಆರನೆಯ ಅಂತರರಾಷ್ಟ್ರೀಯ ಸಮ್ಮೇಳನದ ಒಮ್ಮತದ ಹೇಳಿಕೆ 2023ರಲ್ಲಿ ಪ್ರಕಟವಾಯಿತು. ಮೊದಲ 24ರಿಂದ 48 ತಾಸು ಮಾತ್ರ ಆರಾಮ, ಅದೂ ಪೂರ್ತಿ ಮಲಗುವುದಲ್ಲ, ಮನೆಯೊಳಗೆ ಓಡಾಡಬಹುದು. ಆಮೇಲೆ ನಡಿಗೆ, ನಿಂತ ಸೈಕಲ್ ಇಂಥ ಹಗುರ ವ್ಯಾಯಾಮ ಶುರು ಮಾಡಬೇಕು. ತಲೆನೋವು, ಕುತ್ತಿಗೆ ನೋವು, ತಲೆ ತಿರುಗುವುದು 10 ದಿನ ದಾಟಿದರೆ ಕುತ್ತಿಗೆ ಮತ್ತು ಒಳಗಿವಿಯ ಸಮತೋಲಕ್ಕೆ ಸೇರಿಸಿ ಕೊಡುವ ಪುನಶ್ಚೇತನ ಚಿಕಿತ್ಸೆ ಬೇಕು. ಆಟಕ್ಕೆ ಮರಳುವುದು ಆರು ಮೆಟ್ಟಿಲುಗಳಲ್ಲಿ. ಆ ಸಮ್ಮೇಳನಕ್ಕಾಗಿ ಮಾಡಿದ ವಿಶ್ಲೇಷಣೆಯಲ್ಲಿ ಪೂರ್ತಿ ಆಟಕ್ಕೆ ಮರಳಲು ಸರಾಸರಿ 19.8 ದಿನ ಹಿಡಿದಿತ್ತು. ನಾನು ಐದು ನಿಮಿಷದಲ್ಲಿ ಮರಳಿದ್ದೆ.

ಕುತ್ತಿಗೆಗೆ ಚಿಕಿತ್ಸೆ ಕೊಟ್ಟರೆ ಗುಣ ಆಗ್ತದೆ ಅನ್ನುವುದಕ್ಕೆ ಹೆಚ್ಚಾಗಿ ತೋರಿಸುವ ಪ್ರಯೋಗ ಕೆನಡಾದ ಕ್ಯಾಥರಿನ್ ಷ್ನೈಡರ್ ತಂಡದ್ದು, 2014ರದು. 12ರಿಂದ 30 ವರ್ಷದ 31 ಜನ. ಎರಡೂ ಗುಂಪಿಗೆ ವಾರಕ್ಕೊಮ್ಮೆ ಭೇಟಿ, ಎಂಟು ವಾರ. ಒಂದು ಗುಂಪಿಗೆ ಸಾಮಾನ್ಯ ಆರೈಕೆ, ಇನ್ನೊಂದಕ್ಕೆ ಅದರ ಜೊತೆ ಕುತ್ತಿಗೆಯ ಹಸ್ತಚಿಕಿತ್ಸೆ, ವ್ಯಾಯಾಮ, ಸಮತೋಲದ ತರಬೇತಿ. ಎಂಟು ವಾರದೊಳಗೆ ಆಟಕ್ಕೆ ಮರಳಲು ವೈದ್ಯರ ಒಪ್ಪಿಗೆ ಪಡೆದವರು ಚಿಕಿತ್ಸೆಯ ಗುಂಪಿನಲ್ಲಿ 15ರಲ್ಲಿ 11, ಇನ್ನೊಂದರಲ್ಲಿ 14ರಲ್ಲಿ 1. ಚಿಕ್ಕ ಪ್ರಯೋಗ, ಆದರೆ ವ್ಯತ್ಯಾಸ ದೊಡ್ಡದು. ಇದನ್ನು "ಕೈರೋಪ್ರಾಕ್ಟಿಕ್‌ನಿಂದ ಕನ್‌ಕಷನ್ ಗುಣವಾಗ್ತದೆ" ಅಂತ ಓದುವವರಿದ್ದಾರೆ. ಹಾಗೆ ಓದುವಂತಿಲ್ಲ. ಚಿಕಿತ್ಸೆ ಕೊಟ್ಟದ್ದು ಫಿಜಿಯೋಥೆರಪಿ, ಕೊಟ್ಟದ್ದು ಹಲವು ಅಂಶಗಳ ಒಂದು ಕಟ್ಟು, ಮತ್ತು ಇದು ಪೆಟ್ಟು ಬಿದ್ದ ಕೂಡಲೆ ಮಾಡಿದ್ದಲ್ಲ, ಲಕ್ಷಣಗಳು ಹೋಗದೆ ಉಳಿದವರಿಗೆ ಮಾಡಿದ್ದು. ಫಟ್ಟನೆ ತಿರುವುವುದೊಂದರಿಂದಲೇ ಕನ್‌ಕಷನ್ ವಾಸಿಯಾಗುತ್ತದೆ ಎನ್ನುವುದಕ್ಕೆ ಇದು ಆಧಾರ ಆಗುವುದಿಲ್ಲ.

ಕೈರೋಪ್ರಾಕ್ಟಿಕ್ ಶುರುವಾದದ್ದು 1895ರಲ್ಲಿ, ಅಮೆರಿಕದ ಅಯೋವಾದ ಡ್ಯಾವೆನ್‌ಪೋರ್ಟ್‌ನಲ್ಲಿ, ಡಿ.ಡಿ. ಪಾಮರ್ ಅವರಿಂದ. ಬೆನ್ನುಹುರಿಯ ಮಣಿಗಳು ಜಾಗ ತಪ್ಪಿ ನರಗಳನ್ನು ತಡೆಯುವುದೇ ರೋಗಗಳ ಮೂಲ ಎಂಬುದು ಅವರ ವಾದ. ಇವತ್ತು ಆ ವೃತ್ತಿಯಲ್ಲೇ ಆ ವಾದ ಬಿಟ್ಟು ಸ್ನಾಯು ಮತ್ತು ಕೀಲುಗಳ ತೊಂದರೆಗಷ್ಟೇ ಚಿಕಿತ್ಸೆ ಕೊಡುವವರು ಬಹಳ ಜನ ಇದ್ದಾರೆ. ಆ ಕಟಕ್ ಸದ್ದು ಮೂಳೆ ಜಾಗಕ್ಕೆ ಕೂತದ್ದರ ಗುರುತಲ್ಲ. ಕೀಲಿನೊಳಗಿನ ದ್ರವದಲ್ಲಿ ಅನಿಲದ ಪೊಳ್ಳು ಮೂಡಿದಾಗ ಆ ಸದ್ದು ಬರುವುದನ್ನು 2015ರಲ್ಲಿ ಬೆರಳಿನ ಕೀಲಿನ ಎಂಆರ್‌ಐ ಚಿತ್ರಗಳಲ್ಲಿ ತೋರಿಸಿದರು. ಮೊಬೈಲಿನ ರೀಲ್ಸ್‌ನಲ್ಲಿ ಮಾತ್ರ ಕುತ್ತಿಗೆಗೆ ಮೈಕ್ ಹಚ್ಚಿ ಆ ಸದ್ದನ್ನೇ ಮಾರ್ತಾರೆ. ನಮ್ಮ ದೇಶದಲ್ಲಿ ಫಿಜಿಯೋಥೆರಪಿ 2021ರ ಕಾಯ್ದೆಯಡಿ ಬರುತ್ತದೆ, ಕೈರೋಪ್ರಾಕ್ಟರುಗಳಿಗೆ ಅಂತ ಪ್ರತ್ಯೇಕ ಕಾನೂನುಬದ್ಧ ಪರಿಷತ್ತು ಇಲ್ಲ. ಹಾಗಾಗಿ ಬೋರ್ಡು ನೋಡಿ ಯೋಗ್ಯತೆ ಅಳೆಯಲು ಆಗುವುದಿಲ್ಲ.

ಅಪಾಯದ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡ್ತೇನೆ. ವರ್ಟೆಬ್ರಲ್ ಅಪಧಮನಿಗಳು ಕುತ್ತಿಗೆಯ ಮಣಿಗಳ ಪಕ್ಕದ ರಂಧ್ರಗಳಲ್ಲಿ ಹಾದು, ಆರನೆಯ ಮಣಿಯಿಂದ ಮೇಲೇರಿ, ಮೊದಲ ಮಣಿಯ ಹತ್ತಿರ ಸುತ್ತು ಹಾಕಿ ತಲೆಯೊಳಗೆ ಹೋಗುತ್ತವೆ. ಬಾವಿಯ ಗಾಲಿಗೆ ಸುತ್ತಿದ ಹಗ್ಗ ನೆನಪಿಸಿಕೊಳ್ಳಿ. ತಲೆ ತಿರುಗಿದಾಗ ಹೆಚ್ಚು ಎಳೆತ ಬೀಳುವುದು ಆ ಸುತ್ತಿನಲ್ಲೇ. ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ಬರೀ ಪೆಟ್ಟಿನಿಂದಲೂ ಹರಿಯಬಹುದು: 2014ರ ನವೆಂಬರಿನಲ್ಲಿ ಫಿಲ್ ಹ್ಯೂಸ್ ತೀರಿಕೊಂಡದ್ದು ಚೆಂಡು ಕುತ್ತಿಗೆಗೆ ಬಡಿದು ಇದೇ ಅಪಧಮನಿ ಹರಿದು ತಲೆಯೊಳಗೆ ರಕ್ತಸ್ರಾವ ಆದದ್ದರಿಂದ. ತಿರುವುವುದರಿಂದ ಆದದ್ದಕ್ಕೆ ದೂರ ಹೋಗಬೇಕಿಲ್ಲ. 2024ರಲ್ಲಿ ಬಳ್ಳಾರಿಯ 30 ವರ್ಷದ ಒಬ್ಬರಿಗೆ ಸಲೂನಿನಲ್ಲಿ ತಲೆ ಮಸಾಜ್ ಮಾಡುವಾಗ ಕುತ್ತಿಗೆ ತಿರುವಿದ ಮೇಲೆ ಮಾತು ತೊದಲಿ, ಎಡಭಾಗ ಬಲಗುಂದಿತು. ಕುತ್ತಿಗೆಯ ಮುಂಭಾಗದ ಕೆರೋಟಿಡ್ ಅಪಧಮನಿ ಹರಿದಿತ್ತು. ಬೆಂಗಳೂರಿನಲ್ಲಿ ಚಿಕಿತ್ಸೆಯಾಗಿ ಉಳಿದರು. ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಇನ್ನೊಂದು ಬದಿಯನ್ನೂ ಹೇಳದಿದ್ದರೆ ಅನ್ಯಾಯ ಆಗ್ತದೆ. 2008ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಕ್ಯಾಸಿಡಿ ಮತ್ತು ಸಂಗಡಿಗರು ಇಂಥ 818 ಪಾರ್ಶ್ವವಾಯು ಪ್ರಕರಣಗಳನ್ನು ನೋಡಿದರು. ಕಿರಿಯ ವಯಸ್ಸಿನವರಲ್ಲಿ ಕೈರೋಪ್ರಾಕ್ಟರ್ ಭೇಟಿಗೂ ಪಾರ್ಶ್ವವಾಯುವಿಗೂ ನಂಟು ಕಂಡಿತು. ಆದರೆ ಅಷ್ಟೇ ನಂಟು ಸಾಮಾನ್ಯ ಕುಟುಂಬ ವೈದ್ಯರ ಭೇಟಿಗೂ ಕಂಡಿತು. ಅದಕ್ಕೆ ಅವರ ವಿವರಣೆ: ರಕ್ತನಾಳ ಆಗಲೇ ಹರಿಯತೊಡಗಿತ್ತು, ಆ ನೋವಿಗೇ ಜನ ಯಾರದೋ ಬಳಿ ಹೋಗಿದ್ದರು. ಕೈರೋಪ್ರಾಕ್ಟರುಗಳು ಇದನ್ನು ತಮ್ಮ ನಿರಪರಾಧಿತ್ವಕ್ಕೆ ಸಾಕ್ಷಿಯಾಗಿ ತೋರಿಸ್ತಾರೆ. ನನಗೆ ಇದು ಕನ್‌ಕಷನ್ ಆದ ಆಟಗಾರನ ಮಟ್ಟಿಗೆ ಇನ್ನಷ್ಟು ಎಚ್ಚರಿಕೆಯ ಮಾತಾಗಿ ಕೇಳಿಸ್ತದೆ. ನೋವು ಅಂತ ಬಂದವನ ರಕ್ತನಾಳ ಆಗಲೇ ಹರಿದಿರಬಹುದಾದರೆ, ಮೊಣಕಾಲಿನ ಪೆಟ್ಟು ತಿಂದು ಬಂದವನದು? ಮೇಲಾಗಿ ಆ ಹರಿತದ ಲಕ್ಷಣಗಳು ಯಾವುವು? ತಲೆ ತಿರುಗುವುದು, ಓಕರಿಕೆ, ಹೊಸ ಬಗೆಯ ತಲೆನೋವು, ಎರಡೆರಡು ಕಾಣುವುದು, ನಡಿಗೆ ಓಲಾಡುವುದು. ಕನ್‌ಕಷನ್ನಿನ ಪಟ್ಟಿಯೂ ಹೆಚ್ಚುಕಡಿಮೆ ಅದೇ. ಒಂದರ ಹಿಂದೆ ಇನ್ನೊಂದು ಅಡಗಿ ಕೂಡಬಹುದು. ಅದಕ್ಕೇ ನನ್ನ ಅಭಿಪ್ರಾಯ: ಕನ್‌ಕಷನ್ ಆದ ಆಟಗಾರನ ಮೇಲ್ಭಾಗದ ಕುತ್ತಿಗೆಗೆ ಫಟ್ಟನೆ ತಿರುವುವ ಚಿಕಿತ್ಸೆ ಬೇಡ, ಯಾರ ಕೈಯಿಂದಲೂ ಬೇಡ. ನಿಧಾನದ ಹಸ್ತಚಿಕಿತ್ಸೆ ಮತ್ತು ವ್ಯಾಯಾಮದಿಂದಲೇ ಕೆಲಸ ಆಗುವಾಗ ಆ ಜೂಜು ಯಾಕೆ?

ಹಾಗಾದರೆ ಹಳ್ಳಿಯಲ್ಲಿ ಪರೀಕ್ಷೆ ಹೇಗೆ? ಮೊದಲ ಸಾಧನ ಭಾಷೆ. ನಮ್ಮ ಕಡೆ ಹುಡುಗರು ಎಲ್ಲದಕ್ಕೂ "ಚಕ್ಕರ್ ಬರತಾವ" ಅಂತಾರೆ. ಆಸ್ಪತ್ರೆಯ ಕಾಗದದಲ್ಲಿ ಅದು ಮರಾಠಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ ಒಂದೇ ಪದ ಆಗಿ ಕೂಡ್ತದೆ. ಬಿಡಿಸಿ ಕೇಳಬೇಕು. ಮನೆಯೇ ಗಿರಗಿರ ತಿರುಗ್ತದೇನು? ಹಾಗಾದರೆ ಒಳಗಿವಿಯ ಕಡೆ ನೋಡಬೇಕು. ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬರ್ತದೇನು? ಹಾಗಾದರೆ ರಕ್ತದೊತ್ತಡ, ನಾಡಿ. ತಿರುಗುವುದಿಲ್ಲ, ಆದರೆ ಕುತ್ತಿಗೆ ಹೊರಳಿಸಿದಾಗ ತೋಲ ಹೋದಂಗ ಆಗ್ತದೇನು? ಹಾಗಾದರೆ ಕುತ್ತಿಗೆ. ಈ ಮೂರು ಪ್ರಶ್ನೆಯನ್ನು ರೋಗಿಯ ಮಾತಿನಲ್ಲೇ ಕೇಳಬೇಕು. ಗಡಿಭಾಗದ ನಮ್ಮಂಥ ವಿದ್ಯಾರ್ಥಿಗಳಿಗೆ ಇದೊಂದು ಲಾಭ ಇದೆ, ಬಳಸಿಕೊಳ್ಳೋಣ.

ಎರಡನೆಯದು ಅಗ್ಗದ ಒಂದು ಲೇಸರ್ ಟಾರ್ಚು. ಅದನ್ನು ಹಣೆಪಟ್ಟಿಗೆ ಕಟ್ಟಿ, ಆಟಗಾರನನ್ನು ಗೋಡೆಯಿಂದ 90 ಸೆಂಟಿಮೀಟರ್ ದೂರ ಕೂಡಿಸಬೇಕು. ಬೆಳಕಿನ ಚುಕ್ಕೆ ಬಿದ್ದಲ್ಲಿ ಗುರುತು ಹಾಕಿ, ಕಣ್ಣು ಮುಚ್ಚಿಸಿ, ತಲೆಯನ್ನು ಒಂದು ಬದಿಗೆ ನಿಧಾನ ತಿರುಗಿಸಿ ಮತ್ತೆ ನಡುವಿಗೆ ತರಲು ಹೇಳಬೇಕು. ಹಲವು ಸಲ ಮಾಡಿಸಿ ಸರಾಸರಿ ನೋಡಬೇಕು. ಗುರುತಿನಿಂದ ಸುಮಾರು 7 ಸೆಂಟಿಮೀಟರಿಗಿಂತ, ಅಂದ್ರೆ 4.5 ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಕುತ್ತಿಗೆ ತಲೆಯ ಜಾಗದ ಸುದ್ದಿಯನ್ನು ಮೆದುಳಿಗೆ ಸರಿಯಾಗಿ ಮುಟ್ಟಿಸ್ತಿಲ್ಲ ಅಂತ ತಿಳೀಬೇಕು. ಇದೇ ಪರೀಕ್ಷೆ ಚಿಕಿತ್ಸೆಯೂ ಹೌದು. ದಿನಾ ಅದೇ ಗುರುತಿಗೆ ಮರಳಿ ತರುವ ಅಭ್ಯಾಸ ಮಾಡಿಸ್ತಾರೆ. ಆದರೆ ಕೆಂಪು ಸೂಚನೆ ಯಾವುದೂ ಇಲ್ಲ ಅಂತ ವೈದ್ಯರು ನೋಡಿದ ಮೇಲೆಯೇ ಇದೆಲ್ಲ.

ತಾಲೀಮಿನ ಪರವಾಗಿಯೂ ಒಂದು ಮಾತು. 2014ರಲ್ಲಿ ಅಮೆರಿಕದ 6,704 ಶಾಲಾ ಆಟಗಾರರ ಕುತ್ತಿಗೆಯ ಬಲ ಅಳೆದ ಅಧ್ಯಯನ ಒಂದಿದೆ. ಕುತ್ತಿಗೆಯ ಬಲ ಒಂದು ಪೌಂಡ್, ಅಂದ್ರೆ ಅರ್ಧ ಕಿಲೋಗಿಂತ ಚೂರು ಕಡಿಮೆ, ಹೆಚ್ಚಿದಂತೆ ಕನ್‌ಕಷನ್ನಿನ ಸಂಭವ 5 ಶೇಕಡಾ ಇಳಿದಿತ್ತು. ಪೈಲ್ವಾನರು ಕುತ್ತಿಗೆ ಬಲಿಸಲು ಮಾಡುವ ಸಾಮು ವ್ಯರ್ಥ ಅಲ್ಲ. ಪೆಟ್ಟು ಬೀಳುವುದಕ್ಕೆ ಮುಂಚೆ ಉಸ್ತಾದರ ವಿದ್ಯೆ ನಮ್ಮ ಪುಸ್ತಕಕ್ಕಿಂತ ಮುಂದಿದೆ.

ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಒಬ್ಬ ಸಹಪಾಠಿ ಕೇಳಿದರು: "ಹಾಗಾದ್ರೆ ನಗರದಲ್ಲಿರೋ ಆಟಗಾರ ಕೈರೋಪ್ರಾಕ್ಟರ್ ಹತ್ರ ಹೋಗಲೇಬಾರದಾ?" ಹೋಗಬಹುದು, ಆದರೆ ವೈದ್ಯರನ್ನು ಕಂಡ ಮೇಲೆ. ಹೋದವರು ಗಮನಿಸಬೇಕಾದ್ದು ಇಷ್ಟು. ಮುಟ್ಟುವ ಮುಂಚೆ ರಕ್ತದೊತ್ತಡ, ಕಣ್ಣು, ನರ, ಸಮತೋಲ ಪರೀಕ್ಷೆ ಮಾಡಿದರೇ? "ತಿರುವಬೇಡಿ" ಅಂದ್ರೆ ಒಪ್ಪಿ ಬೇರೆ ದಾರಿ ತೋರಿಸಿದರೇ? ಮನೆಯಲ್ಲಿ ಮಾಡುವ ವ್ಯಾಯಾಮ ಕೊಟ್ಟರೇ? ಆಟಕ್ಕೆ ಬಿಡುವ ತೀರ್ಮಾನವನ್ನು ವೈದ್ಯರಿಗೆ ಬಿಟ್ಟರೇ? ಇಪ್ಪತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ಮೊದಲ ದಿನವೇ ದುಡ್ಡು ಕೇಳಿದರೆ ಎದ್ದು ಬರುವುದು ಒಳ್ಳೆಯದು.

ಇನ್ನೊಂದು ಪ್ರಶ್ನೆ ನಮ್ಮ ಮೇಡಂ ಕೇಳಿದ್ದು: "ಊರಿನ ಹಿರಿಯರಿಗೆ ಇದನ್ನು ಹೇಗೆ ಹೇಳ್ತೀರಿ?" ನಾನು ಒಮ್ಮೆ ಹೇಳಿ ನೋಡಿದ್ದೇನೆ. ನಮ್ಮ ಕಾಕಾ ಒಬ್ಬರು, ತಾವೇ ಹಳೆಯ ಪೈಲ್ವಾನರು, ಎಲ್ಲ ಕೇಳಿ, "ಹಂಗಾದ್ರ ನಾ ಏನ್ ಮಾಡ್ಲೋ? ಪಾರ ಬಿದ್ದಾನ, ಕೈ ಕಟಗೊಂಡ ನಿಂದರ್ಲೇನು?" ಅಂದ್ರು. ಬೇಡ ಅನ್ನುವುದಷ್ಟೇ ಹೇಳಿದ್ದೆ, ಅವರ ಕೈಗೆ ಕೆಲಸ ಕೊಟ್ಟಿರಲಿಲ್ಲ. ಈಗ ಹೀಗೆ ಹೇಳ್ತೇನೆ: "ಕಾಕಾ, ಅಂವನ ತಲಿ ಕಡೆ ಮೊಣಕಾಲೂರಿ ಕೂಡ್ರಿ. ಎರಡೂ ಕೈಯಾಗ ತಲಿ ಹಿಡೀರಿ, ಹೆಂಗ ಐತಿ ಹಂಗ. ಎತ್ತಬ್ಯಾಡ್ರಿ, ತಿರುವಬ್ಯಾಡ್ರಿ. ಕಿವಿ ಮುಚ್ಚಬ್ಯಾಡ್ರಿ, ಅಂವಗ ನಿಮ್ಮ ಮಾತು ಕೇಳಬೇಕು. ಅಂಬ್ಯುಲೆನ್ಸ್ ಬರೂತನಕ ಮಾತಾಡಸ್ಕೋತ ಇರ್ರಿ." ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಆ ನಂಬರು 108. ಕಬಡ್ಡಿಯಲ್ಲಿ ಅಂಗಳದ ಏಳು ಜನರ ಹಿಂದೆ ಐದು ಜನ ಬದಲಿ ಆಟಗಾರರು ಇದ್ದೇ ಇರ್ತಾರೆ, ಅವರಲ್ಲೊಬ್ಬ ಒಳಗೆ ಇಳಿದರಾಯಿತು. ಕುಸ್ತಿಯಲ್ಲಿ ಬದಲಿ ಇಲ್ಲ, ಅಲ್ಲಿ ಜೋಡಿಯನ್ನೇ ನಿಲ್ಲಿಸಬೇಕಾಗ್ತದೆ. ಅದನ್ನು ಪಂಚರ ಜೊತೆ ಜಾತ್ರೆಗೆ ಮುಂಚೆಯೇ ಮಾತಾಡಿ ಇಟ್ಟುಕೊಳ್ಳಬೇಕು, ಡೋಲು ಬಾರಿಸುವಾಗ ಯಾರೂ ಕೇಳುವುದಿಲ್ಲ.